ಬಾಗಿದ ಪರದೆಗೆ ಯಾವ ಗ್ಲಾಸ್? ಹಾಕುವ ಮೊದಲೇ ತೆಗೆಯುವುದನ್ನು ಯೋಚಿಸಿ

"ಸರ್, ಇದು ಕರ್ವ್ ಡಿಸ್‌ಪ್ಲೇ. ಸಾದಾ ಟೆಂಪರ್ಡ್ ಕೂರುವುದಿಲ್ಲ. ಯು.ವಿ. ಹಾಕ್ಬೇಕು." ಮೊಬೈಲ್ ಅಂಗಡಿಯ ಈ ಮಾತು ಈಗ ನಮ್ಮ ಅನೇಕ ಶಿಕ್ಷಕರಿಗೆ ಪರಿಚಿತ. ಬೆಲೆ ಕೇಳಿದರೆ ಸಾದಾ ಗ್ಲಾಸಿಗಿಂತ ಎಷ್ಟೋ ಹೆಚ್ಚು. ಹಾಕಿಸಿಕೊಂಡು ಬಂದ ಮೇಲೂ ನೆಮ್ಮದಿ ಇಲ್ಲ. ಒಬ್ಬರಿಗೆ ಅಂಚಿನಲ್ಲಿ ಧೂಳು ಸೇರಿಕೊಂಡಿತು, ಇನ್ನೊಬ್ಬರಿಗೆ ಬೆರಳಿಟ್ಟರೆ ಫೋನ್ ತೆರೆಯುವುದಿಲ್ಲ, ಮತ್ತೊಬ್ಬರು ಹಳೆಯ ಗ್ಲಾಸ್ ಕೀಳಲು ಹೋಗಿ ಅಡಿಯ ಪರದೆಯನ್ನೇ ಒಡೆದುಕೊಂಡರು. ಹಾಜರಿ, ಓಟಿಪಿ, ಸುತ್ತೋಲೆ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇದೇ ಪರದೆಯ ಮೇಲೆ ನಡೆಯುವ ಕಾಲ ಇದು. ಬಾಗಿದ ಒಎಲ್‌ಇಡಿ ಪರದೆಯನ್ನು ಬದಲಿಸಲು ಹಲವು ಸಾವಿರ ರೂಪಾಯಿ ಬೇಕು.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾದಾ ಗ್ಲಾಸ್ ಕೂರುವುದಿಲ್ಲ ಎಂಬುದು ನಿಜ. ಆದರೆ ಯು.ವಿ. ಒಂದೇ ದಾರಿ ಎಂಬುದು ನಿಜವಲ್ಲ. ಯಾಕೆ ಎಂಬುದಕ್ಕೆ ಉತ್ತರ ನಾವು ಪ್ರೌಢಶಾಲೆಯಲ್ಲಿ ಕಲಿಸುವ ಗಣಿತ ಮತ್ತು ಭೌತವಿಜ್ಞಾನದಲ್ಲೇ ಇದೆ.

ಡಬ್ಬಿಗೆ ಕೂರುವ ಕಾಗದ ಚೆಂಡಿಗೆ ಕೂರದು

ಸ್ಯಾಮ್‌ಸಂಗ್ ಕಂಪನಿ 2014ರಲ್ಲಿ ಗ್ಯಾಲಕ್ಸಿ ನೋಟ್ ಎಡ್ಜ್ ಎಂಬ ಫೋನಿನ ಒಂದು ಅಂಚನ್ನು ಬಾಗಿಸಿತು. 2015ರ ಗ್ಯಾಲಕ್ಸಿ ಎಸ್6 ಎಡ್ಜ್‌ನಲ್ಲಿ ಎರಡೂ ಬದಿ ಬಾಗಿದವು. ಮುಂದೆ ಇತರ ಕಂಪನಿಗಳೂ ಇದೇ ದಾರಿ ಹಿಡಿದವು. ಅದೇ ಸ್ಯಾಮ್‌ಸಂಗ್ 2024ರ ಎಸ್24 ಅಲ್ಟ್ರಾದಲ್ಲಿ ಸಮತಟ್ಟು ಪರದೆಗೆ ಮರಳಿದೆ. ಆದರೂ ಬಾಗಿದ ಪರದೆಯ ಫೋನುಗಳು ನಮ್ಮ ಕೈಯಲ್ಲಿ ಇನ್ನೂ ಹಲವು ವರ್ಷ ಇರುತ್ತವೆ.

ಒಂದು ಕಾಗದವನ್ನು ಹಾಲಿನ ಪುಡಿಯ ಡಬ್ಬಿಗೆ ಸುತ್ತಿ ನೋಡಿ. ಒಂದು ಸುಕ್ಕೂ ಬೀಳುವುದಿಲ್ಲ. ಅದೇ ಕಾಗದವನ್ನು ಚೆಂಡಿಗೆ ಸುತ್ತಿದರೆ ಎಷ್ಟು ಜಾಣತನ ಮಾಡಿದರೂ ಸುಕ್ಕು ತಪ್ಪದು. ಹಿಗ್ಗದ, ಕುಗ್ಗದ ಹಾಳೆಯನ್ನು ಗೋಳದ ಮೇಲೆ ಸುಕ್ಕಿಲ್ಲದೆ ಕೂರಿಸಲು ಸಾಧ್ಯವಿಲ್ಲ ಎಂಬುದು ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದಕ್ಕೂ ಮೂಲ ಕಾರಣ ಇದೇ.

ಎರಡು ಬದಿ ಮಾತ್ರ ಬಾಗಿದ ಪರದೆ ಡಬ್ಬಿಯ ಜಾತಿಯದ್ದು. ನಾಲ್ಕೂ ಬದಿ ಬಾಗಿದ ಪರದೆಯ ಮೂಲೆಗಳು ಚೆಂಡಿನ ಜಾತಿಯವು. ಅದಕ್ಕೇ ಇಂಥ ಫೋನಿಗೆ ಫಿಲ್ಮ್ ಹಾಕಿದಾಗ ಮೊದಲು ಏಳುವುದು ಮೂಲೆಯೇ.

ಹಾಗಾದರೆ ಎರಡೇ ಬದಿ ಬಾಗಿದ ಪರದೆಗೆ ಚಪ್ಪಟೆ ಗ್ಲಾಸನ್ನು ಬಾಗಿಸಿ ಅಂಟಿಸಬಹುದಲ್ಲ? ಲೆಕ್ಕ ಹಾಕಿ ನೋಡೋಣ. ಹಾಳೆಯನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ. ಹಿಗ್ಗುವ ಪ್ರಮಾಣ ಎಂದರೆ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದ್ದು. ಸಾಮಾನ್ಯ ಗ್ಲಾಸಿನ ದಪ್ಪ 0.33 ಮಿ.ಮೀ. ಅಂಚಿನ ಬಾಗಿನ ತ್ರಿಜ್ಯ 6 ಮಿ.ಮೀ. ಎಂದಿಟ್ಟುಕೊಳ್ಳಿ. 0.33ನ್ನು 12ರಿಂದ ಭಾಗಿಸಿದರೆ 0.0275, ಅಂದರೆ ಶೇಕಡಾ 2.75. ಗಟ್ಟಿಗೊಳಿಸಿದ ಗಾಜು ಕೂಡ ಅಷ್ಟು ಹಿಗ್ಗಲಾರದು, ಅದಕ್ಕೂ ಮೊದಲೇ ಒಡೆಯುತ್ತದೆ. ಆದ್ದರಿಂದ ಕರ್ವ್ ಗ್ಲಾಸನ್ನು ಕಾರ್ಖಾನೆಯಲ್ಲೇ ಕಾಯಿಸಿ, ಅಚ್ಚಿನಲ್ಲಿ ಬಾಗಿಸಿ ತಯಾರಿಸುತ್ತಾರೆ. ಅಚ್ಚಿನ ತ್ರಿಜ್ಯ ಫೋನಿನ ತ್ರಿಜ್ಯಕ್ಕೆ ಕೂದಲೆಳೆಯಷ್ಟು ತಪ್ಪಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಗಾಳಿ ಸೇರುತ್ತದೆ. ತೊಂದರೆಗಳೆಲ್ಲ ಶುರುವಾಗುವುದು ಇಲ್ಲಿಂದ.

ನಡುವೆ ನುಸುಳಿದ ಗಾಳಿ

ಮೊದಲು ಬೆಳಕು. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯದ್ದು 1. ಬೆಳಕು ಗಾಜಿನಿಂದ ಗಾಳಿಗೆ ಅಥವಾ ಗಾಳಿಯಿಂದ ಗಾಜಿಗೆ ನೇರವಾಗಿ ದಾಟುವಾಗ ಪ್ರತಿ ಸಲವೂ ಸುಮಾರು ಶೇಕಡಾ 4ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. (1.5 ಮತ್ತು 1ರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ 0.04 ಬರುತ್ತದೆ.) ನಡುವೆ ಗಾಳಿ ಇದ್ದರೆ ಇಂಥ ಎರಡು ಮೈಗಳು ಹೆಚ್ಚಾಗುತ್ತವೆ, ಅಂದರೆ ಸುಮಾರು ಶೇಕಡಾ 8ರಷ್ಟು ಹೆಚ್ಚು ಪ್ರತಿಫಲನ. ಬಿಸಿಲಲ್ಲಿ ಓದಲಿಕ್ಕೆ ಆಗುವುದಿಲ್ಲ ಎಂಬ ದೂರಿಗೆ ಇದೊಂದು ಕಾರಣ. ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಾಣುವುದೂ ಗಾಳಿಯ ತೆಳು ಪದರದಿಂದ. ಗಾಜಿನ ಸೂಚ್ಯಂಕಕ್ಕೆ ಹತ್ತಿರವಿರುವ ಅಂಟು ಆ ಸಂದನ್ನು ತುಂಬಿದರೆ ಇವು ಬಹುಮಟ್ಟಿಗೆ ಮಾಯವಾಗುತ್ತವೆ.

ಎರಡನೆಯದು ಸ್ಪರ್ಶ. ಪರದೆಯ ಅಡಿಯಲ್ಲಿರುವ ವಾಹಕ ಜಾಲ ಮತ್ತು ನಮ್ಮ ಬೆರಳು ಸೇರಿ ಒಂದು ಕೆಪ್ಯಾಸಿಟರ್ ಆಗುತ್ತವೆ. ನಡುವಿನ ದೂರ ಹೆಚ್ಚಾದಂತೆ ಸಂಕೇತ ದುರ್ಬಲವಾಗುತ್ತದೆ. ಅದೇ ದಪ್ಪದ ಗಾಜಿಗಿಂತ ಗಾಳಿಯ ಪದರ ಸಂಕೇತವನ್ನು ಇನ್ನೂ ಹೆಚ್ಚು ಕುಗ್ಗಿಸುತ್ತದೆ.

ಮೂರನೆಯದು ಬೆರಳಚ್ಚು. ಕೆಲವು ಫೋನುಗಳು ಪರದೆಯ ಅಡಿಯಿಂದ ಬೆರಳಿನ ಚಿತ್ರವನ್ನು ಬೆಳಕಿನ ಮೂಲಕ ಪಡೆಯುತ್ತವೆ. ಇನ್ನು ಕೆಲವು ಶ್ರವಣಾತೀತ ಧ್ವನಿಯನ್ನು ಬಳಸುತ್ತವೆ. 2019ರ ಗ್ಯಾಲಕ್ಸಿ ಎಸ್10 ಎರಡನೆಯ ಬಗೆಯದ್ದು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವ ಮೊದಲು ಹೊಟ್ಟೆಗೆ ಜೆಲ್ ಹಚ್ಚುತ್ತಾರಲ್ಲ, ಯಾಕೆ? ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿ ಇದ್ದರೆ ಶ್ರವಣಾತೀತ ಧ್ವನಿ ಒಳಹೋಗದೆ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ. ಫೋನಿನಲ್ಲೂ ಅಷ್ಟೇ. ಗ್ಲಾಸಿನ ಅಡಿಯಲ್ಲಿ ಗಾಳಿ ಇದ್ದರೆ ಧ್ವನಿ ಬೆರಳನ್ನು ತಲುಪುವುದೇ ಇಲ್ಲ.

ಇದರಿಂದ ಭದ್ರತೆಗೂ ಕುತ್ತು ಬಂದದ್ದುಂಟು. 2019ರ ಅಕ್ಟೋಬರಿನಲ್ಲಿ, ಕೆಲವು ಸಿಲಿಕೋನ್ ಹೊದಿಕೆ ಹಾಕಿದ ಎಸ್10 ಫೋನುಗಳು ನೋಂದಾಯಿಸದ ಬೆರಳಿಗೂ ತೆರೆದುಕೊಳ್ಳುತ್ತಿದ್ದವು ಎಂಬುದು ಬೆಳಕಿಗೆ ಬಂತು. ಹೊದಿಕೆಯ ಒಳಮೈಯ ವಿನ್ಯಾಸವನ್ನೇ ಫೋನ್ ಬೆರಳಚ್ಚು ಎಂದು ಓದುತ್ತಿತ್ತು. ಕಂಪನಿ ಇದನ್ನು ಒಪ್ಪಿಕೊಂಡು ತಂತ್ರಾಂಶವನ್ನು ತಿದ್ದಿತು. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಇದು ಸಣ್ಣ ವಿಷಯವಲ್ಲ. ಹೊಸ ಹೊದಿಕೆ ಹಾಕಿದ ಮೇಲೆ ಹಳೆಯ ಬೆರಳಚ್ಚನ್ನು ಅಳಿಸಿ ಹೊಸದಾಗಿ ನೋಂದಾಯಿಸಿ. ಆಮೇಲೆ ಮನೆಯವರ ಬೆರಳನ್ನೂ ಒಮ್ಮೆ ಇಟ್ಟು ನೋಡಿ. ತೆರೆಯಬಾರದು.

ಅಂಗಡಿಯಲ್ಲಿ ಸಿಗುವ ಮೂರು ಬಗೆ

ಮೊದಲನೆಯದು ಅಂಚಿಗೆ ಮಾತ್ರ ಅಂಟು ಇರುವ ಕರ್ವ್ ಗ್ಲಾಸ್. ಅಗ್ಗ, ಹಾಕುವುದೂ ತೆಗೆಯುವುದೂ ಸುಲಭ. ಆದರೆ ನಡುವೆ ಪೂರ್ತಿ ಗಾಳಿ. ಮೇಲೆ ಹೇಳಿದ ಮೂರು ತೊಂದರೆಗಳೂ ಬರಬಹುದು. ಅಂಚಿನ ಅಂಟು ಸಡಿಲವಾದರೆ ಧೂಳೂ ಒಳಗೆ ಸೇರುತ್ತದೆ.

ಎರಡನೆಯದು ಯು.ವಿ. ಗ್ಲಾಸ್. ಪರದೆಯ ಮೇಲೆ ದ್ರವ ಅಂಟನ್ನು ಸುರಿದು, ಗ್ಲಾಸ್ ಕೂರಿಸಿ, ನೇರಳಾತೀತ ದೀಪ ಹಿಡಿಯುತ್ತಾರೆ. ಆ ಕಿರಣದಿಂದ ದ್ರವದ ಸಣ್ಣ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪಾಲಿಮರ್ ಆಗುತ್ತವೆ. ಗಾಳಿ ಉಳಿಯುವುದಿಲ್ಲ, ಆದ್ದರಿಂದ ನೋಟ, ಸ್ಪರ್ಶ, ಬೆರಳಚ್ಚು ಮೂರೂ ಚೆನ್ನಾಗಿರುತ್ತವೆ. ಅಪಾಯ ಬೇರೆ ಕಡೆ ಇದೆ. ದ್ರವ ಸ್ಪೀಕರ್, ಮೈಕ್, ಗುಂಡಿಗಳ ಸಂದಿಗೆ ಹರಿದು ಅಲ್ಲೇ ಗಟ್ಟಿಯಾದರೆ ತೆಗೆಯುವುದು ಕಷ್ಟ. ಇದರಿಂದಾಗುವ ಹಾನಿ ವಾರಂಟಿಗೆ ಸೇರುವುದಿಲ್ಲ ಎಂದು ಎಚ್ಚರಿಸಿದ ಕಂಪನಿಗಳೂ ಇವೆ. ಇನ್ನು, ಗಟ್ಟಿಯಾಗಿ ಹಿಡಿದದ್ದನ್ನು ಬಿಡಿಸುವುದೂ ಗಟ್ಟಿ ಕೆಲಸವೇ.

ಮೂರನೆಯದು ಟಿಪಿಯು ಫಿಲ್ಮ್. ಅಂಗಡಿಯಲ್ಲಿ ಇದನ್ನು ಹೈಡ್ರೋಜೆಲ್ ಎಂದೂ ಮಾರುತ್ತಾರೆ. ಇದು ಗಾಜಲ್ಲ, ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್. ತನ್ನ ಉದ್ದದ ಎರಡು ಪಟ್ಟು ಎಳೆದರೂ ಹರಿಯುವುದಿಲ್ಲ. ಹಿಗ್ಗದ ಹಾಳೆಗೆ ಗೌಸ್ ಹಾಕಿದ ಕಟ್ಟು ಹಿಗ್ಗುವ ಹಾಳೆಗೆ ಇಲ್ಲ. ಆದ್ದರಿಂದ ಬಾಗಿಗೆ, ಮೂಲೆಗೆ ಕೂಡ ಇದು ಒಗ್ಗಿ ಕೂರುತ್ತದೆ. ಸಣ್ಣ ಗೀರುಗಳು ಕೆಲವು ಹೊತ್ತಿನಲ್ಲಿ ತಾವೇ ಮಾಸುತ್ತವೆ. ಕೊರತೆಯೂ ಉಂಟು. ಬೆರಳಿಗೆ ಗಾಜಿನ ನುಣುಪು ಸಿಗದು, ಕಾಲ ಕಳೆದಂತೆ ಹಳದಿಯಾಗಬಹುದು, ಕೆಳಗೆ ಬಿದ್ದಾಗ ಗಾಜಿನಷ್ಟು ಆಸರೆ ಕೊಡದು.

ಡಬ್ಬಿಯ ಮೇಲೆ ಬರೆದಿರುವ "9ಎಚ್" ಎಂಬುದನ್ನು ನೋಡಿ ಮರುಳಾಗಬೇಡಿ. ಅದು ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದ 9 ಅಲ್ಲ. 9ಎಚ್ ಎಂಬ ಗಟ್ಟಿ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳದು ಎಂದಷ್ಟೇ ಅದರ ಅರ್ಥ. ಮೋಸ್ ಮಾಪನದಲ್ಲಿ ಗಾಜು 6ರ ಆಸುಪಾಸಿನಲ್ಲಿದೆ, ಕ್ವಾರ್ಟ್ಸ್ 7ರಲ್ಲಿದೆ. ಬೇಕಲದ ಕಡಲ ತೀರದಲ್ಲಿ ಕಿಸೆಗೆ ಸೇರಿದ ಒಂದು ಮರಳಿನ ಕಣ ಎಂಥ 9ಎಚ್ ಗ್ಲಾಸಿಗೂ ಗೀರು ಹಾಕೀತು. "11ಡಿ", "21ಡಿ" ಎಂಬುವಂತೂ ಬರೀ ಮಾರಾಟದ ಮಾತು.

ಇನ್ನೊಂದು ಸಂಗತಿ. "ಮೇಲಿನ ಗ್ಲಾಸ್ ಒಡೀತು, ಅದ್ರಿಂದ ಒಳಗಿನ ಪರದೆ ಉಳೀತು" ಎನ್ನುತ್ತೇವೆ. ಆಗಿರಲೂಬಹುದು. ಆದರೆ ಮೇಲಿನದ್ದು ತೆಳು, ಅದರ ಅಂಚು ಹೊರಗೆ ಚಾಚಿರುತ್ತದೆ, ಸಣ್ಣ ಪೆಟ್ಟಿಗೇ ಒಡೆಯುತ್ತದೆ. ಅದು ಇಲ್ಲದಿದ್ದರೆ ಪರದೆ ಒಡೆಯುತ್ತಿತ್ತು ಎಂಬುದಕ್ಕೆ ಅಷ್ಟೇ ಸಾಕ್ಷಿಯಾಗದು. ಬಾಗಿದ ಫೋನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಅಂಚಿಗೆ. ಅಲ್ಲಿ ಕಾಪಾಡುವುದು ಅಂಚು ಎತ್ತರವಿರುವ ಒಳ್ಳೆಯ ಕವರ್.

ತೆಗೆಯುವ ಕ್ರಮ

ಒಡೆದ ಗ್ಲಾಸನ್ನು ಹಾಗೆಯೇ ಬಿಡಬೇಡಿ. ಸಣ್ಣ ಚೂರು ಬೆರಳಿಗೆ ಚುಚ್ಚುತ್ತದೆ, ಮನೆಯ ಪುಟ್ಟ ಮಕ್ಕಳು ಫೋನ್ ಮುಟ್ಟುತ್ತಾರೆ. ಆದರೆ ಅವಸರವೂ ಬೇಡ.

ಫೋನ್ ಆಫ್ ಮಾಡಿ, ಮೆತ್ತನೆಯ ಬಟ್ಟೆಯ ಮೇಲಿಡಿ. ಗ್ಲಾಸ್ ಒಡೆದಿದ್ದರೆ ಮೇಲೆ ಅಗಲದ ಪಾರದರ್ಶಕ ಟೇಪ್ ಹಚ್ಚಿ, ಚೂರುಗಳು ಚದುರುವುದಿಲ್ಲ. ಕನ್ನಡಕ ಹಾಕಿಕೊಳ್ಳಿ. ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಹದಿನೈದು ಇಪ್ಪತ್ತು ಸೆಕೆಂಡು ಅಂಚುಗಳಿಗೆ ಹಿಡಿಯಿರಿ. ಕೈಗೆ ಹಿತವಾಗುವಷ್ಟು ಬೆಚ್ಚಗಾದರೆ ಸಾಕು. ಬಿಸಿಗೆ ಅಂಟು ಮೆದುವಾಗುತ್ತದೆ. ಬ್ಯಾಟರಿಗೂ ಪರದೆಗೂ ಹೆಚ್ಚು ಬಿಸಿ ಆಗದು. ಗ್ಯಾಸ್ ಒಲೆ, ಇಸ್ತ್ರಿಪೆಟ್ಟಿಗೆ ಖಂಡಿತ ಬೇಡ.

ಶುರು ಮಾಡುವುದು ಗಿಡ್ಡ ಬದಿಯ ಮೂಲೆಯಿಂದ. ಬಾಗಿದ ಉದ್ದ ಬದಿಯಿಂದ ಮೀಟಬೇಡಿ, ಅಲ್ಲಿ ಮೀಟಿದ ಬಲ ಪರದೆಯ ಅಂಚಿಗೇ ಬೀಳುತ್ತದೆ. ಚೂರಿ, ಬ್ಲೇಡ್, ಸೂಜಿ ಮುಟ್ಟಬೇಡಿ. ಬಾಗಿದ ಒಎಲ್‌ಇಡಿಯಲ್ಲಿ ಬೆಳಗುವ ಪದರ ಇರುವುದು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ. ಗಾಜಿಗೂ ಚೌಕಟ್ಟಿಗೂ ನಡುವೆ ಲೋಹ ನುಗ್ಗಿದರೆ ಅದಕ್ಕೇ ಪೆಟ್ಟು. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ಸ್ವಲ್ಪ ಎದ್ದ ಮೇಲೆ ಹಲ್ಲಿನ ಸಂದಿ ಶುಚಿಮಾಡುವ ದಾರವನ್ನು ಅಡಿಗೆ ಹಾಕಿ, ಗರಗಸದಂತೆ ಅತ್ತಿತ್ತ ಎಳೆಯುತ್ತಾ ಮುಂದೆ ಸರಿಸಿ. ಗ್ಲಾಸನ್ನು ಮೇಲಕ್ಕೆ ಎತ್ತುವ ಬದಲು ಅಂಟನ್ನು ದಾರ ಕೊಯ್ಯಲಿ.

ಫಿಲ್ಮ್ ಆದರೆ ಬೇರೆ ಉಪಾಯ. ನೇರ ಮೇಲಕ್ಕೆ ಎಳೆಯಬೇಡಿ. ಎದ್ದ ತುದಿಯನ್ನು ಹಿಂದಕ್ಕೆ ಮಡಚಿ, ಪರದೆಗೆ ಸಮಾನಾಂತರವಾಗಿ, ನಿಧಾನಕ್ಕೆ ಎಳೆಯಿರಿ. ಹೀಗೆ ಮಾಡಿದರೆ ಬೇಕಾಗುವ ಬಲ ಕಡಿಮೆ, ಪರದೆಯನ್ನು ಮೇಲಕ್ಕೆ ಜಗ್ಗುವುದೂ ಇಲ್ಲ.

ಯು.ವಿ. ಅಂಟು ಹೆಣೆದುಕೊಂಡ ಪಾಲಿಮರ್ ಆದ್ದರಿಂದ ಬಿಸಿಗೆ ಕರಗುವುದಿಲ್ಲ, ಹಿಡಿತ ಮಾತ್ರ ಸಡಿಲವಾಗುತ್ತದೆ. ತಾಳ್ಮೆಯಿಂದ ಬಿಸಿ, ದಾರ, ಮತ್ತೆ ಬಿಸಿ. ಉಳಿದ ಅಂಟನ್ನು ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯಬಹುದು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಒರೆಸಿ, ಫೋನಿನ ಮೇಲೆ ಸುರಿಯಬೇಡಿ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಬೇಡ. ಪರದೆಯ ಮೇಲೆ ಬೆರಳಿನ ಜಿಡ್ಡು ಹಿಡಿಯದಂತೆ ಬಳಿದ ತೆಳು ಲೇಪ ಹಾಳಾಗುತ್ತದೆ. ಒಳಗಿನ ಪರದೆಯಲ್ಲೇ ಬಿರುಕು ಇದ್ದರೆ ಮನೆಯಲ್ಲಿ ಕೈ ಹಾಕದೆ ರಿಪೇರಿ ಮಾಡುವವರಿಗೆ ಕೊಡಿ.

ತರಗತಿಯಲ್ಲಿ ಮಾಡಿ ತೋರಿಸಲು

ಒಂದು: ಬೋರೋಸಿಲಿಕೇಟ್ ಪ್ರನಾಳವನ್ನು ತೆಂಗಿನೆಣ್ಣೆ ತುಂಬಿದ ಬೀಕರಿನಲ್ಲಿ ಮುಳುಗಿಸಿ, ಪ್ರನಾಳದ ಒಳಗೂ ಎಣ್ಣೆ ತುಂಬಿಸಿ. ಎಣ್ಣೆಯ ಮತ್ತು ಗಾಜಿನ ವಕ್ರೀಭವನ ಸೂಚ್ಯಂಕಗಳು ಹತ್ತಿರವಿರುವುದರಿಂದ ಪ್ರನಾಳ ಬಹುಮಟ್ಟಿಗೆ ಕಾಣದಂತಾಗುತ್ತದೆ. ಗ್ಲಾಸಿನ ಅಡಿಯ ಅಂಟು ಮಾಡುವುದು ಇದೇ ಕೆಲಸ.

ಎರಡು: ಬೆಂಚಿನ ಅಡಿಗೆ ಒಂದು ತುಂಡು ಟೇಪ್ ಅಂಟಿಸಿ, ಬಿಡಿಸಿದ ತುದಿಗೆ ಕಾಗದದ ಲೋಟ ತೂಗುಹಾಕಿ. ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತಾ, ಟೇಪ್ ಒಂದು ಸೆಂಟಿಮೀಟರ್ ಕಳಚಲು ಎಷ್ಟು ಸೆಕೆಂಡು ಬೇಕು ಎಂದು ಮಕ್ಕಳು ಬರೆದುಕೊಳ್ಳಲಿ. ತೂಕ ಹೆಚ್ಚಾದಂತೆ ವೇಗ ಹೆಚ್ಚುತ್ತದೆ. ತಿರುಗಿಸಿ ಹೇಳಿದರೆ, ನಿಧಾನವಾಗಿ ಕಳಚಲು ಕಡಿಮೆ ಬಲ ಸಾಕು. ಗ್ರಾಫ್ ಕೂಡ ಹಾಕಿಸಬಹುದು.

ಮೂರು: ಡಬ್ಬಿ, ಚೆಂಡು, ಕಾಗದ ಮತ್ತು ಬಲೂನಿನ ತುಂಡು. ಕಾಗದಕ್ಕೆ ಆಗದ್ದು ಬಲೂನಿಗೆ ಯಾಕೆ ಆಯಿತು ಎಂದು ಕೇಳಿ. ಉತ್ತರ ಮಕ್ಕಳಿಂದಲೇ ಬರುತ್ತದೆ.

ಕೊನೆಗೆ, ಯಾವುದು ಕೊಳ್ಳುವುದು? ಬಾಗಿದ ಪರದೆಗೆ ದಿನನಿತ್ಯದ ಬಳಕೆಗೆ ಟಿಪಿಯು ಫಿಲ್ಮ್ ಮತ್ತು ಅಂಚು ಎತ್ತರದ ಕವರ್ ಸಾಕು. ಹಾಳಾದರೆ ನೀವೇ ತೆಗೆಯಬಹುದು. ಕವರಿನ ಅಂಚು ಫಿಲ್ಮನ್ನು ಎಬ್ಬಿಸುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಗಾಜೇ ಬೇಕೆಂದರೆ ಯು.ವಿ. ಹಾಕಿಸಿ, ಆದರೆ ಸ್ಪೀಕರ್, ಮೈಕ್‌ಗಳ ತೂತಿಗೆ ಟೇಪ್ ಹಚ್ಚಿ ಕೆಲಸ ಮಾಡುವ ಅನುಭವಸ್ಥರ ಬಳಿ ಮಾತ್ರ. ಅಂಚಿಗೆ ಮಾತ್ರ ಅಂಟಿರುವ ಗ್ಲಾಸಿಗೆ ದುಡ್ಡು ಹಾಕಬೇಡಿ. ಯಾವುದನ್ನೇ ಹಾಕಿಸುವ ಮೊದಲು ಅಂಗಡಿಯವರಲ್ಲಿ ಒಂದು ಪ್ರಶ್ನೆ ಕೇಳಿ: "ಇದನ್ನು ನಾಳೆ ತೆಗೆಯುವುದು ಹೇಗೆ?" ಸರಿಯಾದ ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ಹೋಗಿ.