ಬ್ರಿಟನ್ನಿನ ಗೃಹಸಾಲ: ನಿಗದಿತ ಬಡ್ಡಿಯ ಅವಧಿ ಮುಗಿಯುವ ಮುನ್ನ

ಮಕ್ಕಳು ಬ್ರಿಟನ್ನಿನಲ್ಲಿ ದಾದಿಯರಾಗಿ, ಆರೈಕೆ ಕೆಲಸದವರಾಗಿ ದುಡಿಯುತ್ತಿರುವ ಕುಟುಂಬಗಳು ನಮ್ಮ ಕರಾವಳಿಯ ಚರ್ಚುಗಳಲ್ಲಿ ಹಲವಿವೆ. ಅಲ್ಲಿಯೇ ಮನೆ ಕೊಂಡವರೂ ಇದ್ದಾರೆ. "ಫಿಕ್ಸ್ ಮುಗೀತಾ ಬಂತು, ಕಂತು ಏರ್ತದೆ" ಎಂದು ಅವರು ಫೋನಿನಲ್ಲಿ ಹೇಳಿದಾಗ ಇಲ್ಲಿನ ಹೆತ್ತವರಿಗೆ ಗಾಬರಿಯಾಗುವುದು ಸಹಜ. ಹಾಗೆಂದರೇನು, ಮೊದಲೇ ಏನು ಮಾಡಬಹುದು ಎಂಬುದನ್ನು ತಿಳಿದುಕೊಳ್ಳೋಣ.

ನಮ್ಮಲ್ಲಿ ಬ್ಯಾಂಕಿನ ಗೃಹಸಾಲ ಹೆಚ್ಚಾಗಿ ಬದಲಾಗುವ ಬಡ್ಡಿಯದು. ರಿಸರ್ವ್ ಬ್ಯಾಂಕಿನ ರೆಪೊ ದರದೊಂದಿಗೆ ಅದೂ ಏರಿಳಿಯುತ್ತದೆ. ಬ್ರಿಟನ್ನಿನಲ್ಲಿ ಸಾಲ 25 ಅಥವಾ 30 ವರ್ಷಕ್ಕೆ ಇದ್ದರೂ ಬಡ್ಡಿಯನ್ನು ಸಾಮಾನ್ಯವಾಗಿ ಎರಡು ಇಲ್ಲವೇ ಐದು ವರ್ಷಕ್ಕೆ ಮಾತ್ರ ನಿಗದಿ ಮಾಡುತ್ತಾರೆ. ಆ ಅವಧಿ ಮುಗಿದ ಮೇಲೆ ಸುಮ್ಮನಿದ್ದರೆ ಸಾಲವು ತಾನಾಗಿಯೇ ಬ್ಯಾಂಕಿನ 'ಸ್ಟ್ಯಾಂಡರ್ಡ್ ವೇರಿಯಬಲ್ ರೇಟ್'ಗೆ ಹೋಗುತ್ತದೆ. ಇದು ಬಹುತೇಕ ಯಾವಾಗಲೂ ದುಬಾರಿ.

ಈಗಿನ ತೊಂದರೆಗೆ ಕಾರಣವಿದೆ. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೂಲ ದರ 2021ರ ಡಿಸೆಂಬರ್ ಮಧ್ಯದವರೆಗೆ ಶೇ. 0.1 ಇತ್ತು, 2023ರ ಆಗಸ್ಟ್‌ನಲ್ಲಿ ಅದು ಶೇ. 5.25ಕ್ಕೆ ಏರಿತು. 2024ರ ಆಗಸ್ಟ್‌ನಿಂದ ಇಳಿಯತೊಡಗಿದರೂ ಹಳೆಯ ಮಟ್ಟಕ್ಕೆ ಬರಲಿಲ್ಲ. 2021ರಲ್ಲಿ ಐದು ವರ್ಷಕ್ಕೆ ನಿಗದಿ ಮಾಡಿಸಿಕೊಂಡವರ ಅವಧಿ 2026ರಲ್ಲಿ ಮುಗಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡು ಲಕ್ಷ ಪೌಂಡ್ ಸಾಲ, 25 ವರ್ಷ, ಬಡ್ಡಿ ಶೇ. 1.5 ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 800 ಪೌಂಡ್. ಐದು ವರ್ಷದ ಬಳಿಕ ಸುಮಾರು 1,65,760 ಪೌಂಡ್ ಬಾಕಿ ಉಳಿದಿರುತ್ತದೆ. ಶೇ. 4.5ರ ಹೊಸ ಕರಾರು ಸಿಕ್ಕಿದರೆ ಕಂತು 1,049 ಪೌಂಡ್. ಏನೂ ಮಾಡದೆ ಶೇ. 7ರ ದರಕ್ಕೆ ಜಾರಿದರೆ 1,285! ಒಂದು ಪತ್ರ ಬರೆಯದ ಉದಾಸೀನಕ್ಕೆ ತಿಂಗಳಿಗೆ 236 ಪೌಂಡ್ ದಂಡ. ಊರಿಗೆ ಬರುವ ಹಣ ಕಡಿಮೆಯಾಗುವುದು ಇಂಥಲ್ಲಿಯೇ.

ಆದ್ದರಿಂದ ಅವಧಿ ಮುಗಿಯಲು ಆರು ತಿಂಗಳಿರುವಾಗಲೇ ವಿಚಾರಿಸಲು ತೊಡಗುವುದು ಒಳ್ಳೆಯದು. 2023ರ ಜೂನ್‌ನಲ್ಲಿ ಅಲ್ಲಿನ ಸರಕಾರ ಮತ್ತು ಪ್ರಮುಖ ಸಾಲದಾತರು ಒಪ್ಪಿಕೊಂಡ 'ಮಾರ್ಟ್‌ಗೇಜ್ ಚಾರ್ಟರ್' ಈ ರೂಢಿಗೆ ಬಲ ಕೊಟ್ಟಿತು. ಎಷ್ಟು ತಿಂಗಳು ಮೊದಲು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುವುದರಿಂದ ಕೇಳಿಯೇ ತಿಳಿಯಬೇಕು. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ: ಹೊಸ ದರವನ್ನು ಕಾದಿರಿಸುವುದೆಂದರೆ ಇವತ್ತೇ ಅದಕ್ಕೆ ಬದಲಾಗುವುದಲ್ಲ. ಹಳೆಯ ಅಗ್ಗದ ದರ ಕೊನೆಯ ದಿನದವರೆಗೂ ನಿಮ್ಮದೇ. ನಡುವೆ ದರ ಇಳಿದರೆ, ಹೊಸ ಕರಾರು ಆರಂಭವಾಗುವ ಮೊದಲು ಇನ್ನೂ ಕಡಿಮೆಯದಕ್ಕೆ ಬದಲಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ದರ ಏರಿದರೆ ಕಾದಿರಿಸಿದ್ದು ಕೈಯಲ್ಲಿದೆ.

ಅವಧಿಗೆ ಮೊದಲೇ ಮುರಿದು ಹೊರಬರುವುದು ಬೇರೆ ವಿಷಯ. ಅದಕ್ಕೆ ಶುಲ್ಕವಿದೆ, ಹೆಚ್ಚಾಗಿ ಬಾಕಿಯ ಶೇ. 1ರಿಂದ 5. 2023ರಲ್ಲಿ ಶೇ. 6ಕ್ಕೆ ಸಿಕ್ಕಿಬಿದ್ದವರಿಗೆ ಈ ಆಸೆ ಹುಟ್ಟುವುದುಂಟು. ಮೇಲೆ ಹೇಳಿದಷ್ಟೇ ಬಾಕಿಗೆ ಶೇ. 4.5ಕ್ಕೆ ಬದಲಾದರೆ ಆರು ತಿಂಗಳಲ್ಲಿ ಉಳಿಯುವ ಬಡ್ಡಿ ಸುಮಾರು 1,240 ಪೌಂಡ್; ಶೇ. 1ರ ಶುಲ್ಕವೇ 1,658 ಪೌಂಡ್. ಕಾಯುವುದೇ ಲೇಸು. ಬೇರೆ ಬ್ಯಾಂಕಿಗೆ ಹೋಗುವವರು ದಿನಾಂಕವನ್ನು ವಕೀಲರೊಡನೆ ಖಚಿತಪಡಿಸಿಕೊಳ್ಳಲಿ. ಒಂದು ದಿನ ಮೊದಲು ಹಳೆಯ ಸಾಲ ತೀರಿದರೂ ಈ ಶುಲ್ಕ ಬೀಳಬಹುದು.

ಈಗಿನ ಬ್ಯಾಂಕಿನಲ್ಲಿಯೇ ಹೊಸ ದರ ಪಡೆಯುವುದು ಸುಲಭದ ದಾರಿ. ಸಾಲದ ಮೊತ್ತ, ಅವಧಿ ಬದಲಾಗದಿದ್ದರೆ ಸಾಮಾನ್ಯವಾಗಿ ವಕೀಲರು ಬೇಡ, ಸಂಬಳದ ದಾಖಲೆ ಮತ್ತೆ ಕೇಳುವುದಿಲ್ಲ. ಹೆರಿಗೆ ರಜೆಯಲ್ಲಿರುವವರಿಗೆ, ಪಾಳಿ ಕಡಿಮೆಯಾದವರಿಗೆ, ವೀಸಾ ನವೀಕರಣ ಬಾಕಿ ಇರುವವರಿಗೆ ಇದು ದೊಡ್ಡ ಅನುಕೂಲ ಎಂಬುದು ನಮ್ಮ ಅಭಿಪ್ರಾಯ. ಹೊಸ ಬ್ಯಾಂಕು ಇವನ್ನೆಲ್ಲ ಮತ್ತೆ ಪರಿಶೀಲಿಸುತ್ತದೆ. ಆದರೂ ಹೊರಗಿನ ದರವನ್ನು ಒಮ್ಮೆ ಹೋಲಿಸಿ ನೋಡದೆ ಸಹಿ ಹಾಕುವುದು ಬೇಡ. ಹೋಲಿಸುವಾಗ ಬಡ್ಡಿಯೊಂದನ್ನೇ ನೋಡಿದರೆ ಸಾಲದು. ಕಡಿಮೆ ಬಡ್ಡಿಯ ಕರಾರಿಗೆ ಸಾವಿರ ಪೌಂಡಿನಷ್ಟು ಆರಂಭಿಕ ಶುಲ್ಕವಿರಬಹುದು. ಸಣ್ಣ ಸಾಲಕ್ಕೆ ಶುಲ್ಕವಿಲ್ಲದ, ತುಸು ಹೆಚ್ಚು ಬಡ್ಡಿಯ ಕರಾರೇ ಅಗ್ಗವಾಗುವುದುಂಟು.