ಅಧಿಕಾರವಿಲ್ಲದ ಕುರ್ಚಿಗೆ ಯಾಕಿಷ್ಟು ಕಾತರ?

2016ರ ಡಿಸೆಂಬರಿನಲ್ಲಿ ಒಂದು ಸುದ್ದಿ ನಮ್ಮಲ್ಲಿ ಬಹಳ ಜನರ ವಾಟ್ಸಾಪಿಗೆ ಬಂದಿತ್ತು. ಅಮೆರಿಕದ ಕುಪರ್ಟಿನೊ ನಗರಕ್ಕೆ ಸವಿತಾ ವೈದ್ಯನಾಥನ್ ಮೇಯರ್ ಆದರು, ಆ ಹುದ್ದೆಗೆ ಏರಿದ ಮೊದಲ ಭಾರತೀಯ ಮೂಲದ ಮಹಿಳೆ ಅವರು ಎಂದು. ಕುಪರ್ಟಿನೊ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿರುವ ಆಪಲ್ ಕಂಪನಿಯ ಊರು. ಹಾಗಾಗಿ ಆಪಲ್ ಊರನ್ನೇ ಇನ್ನು ನಮ್ಮವರು ಆಳುತ್ತಾರೆ ಎಂಬ ಧಾಟಿಯಲ್ಲಿ ಆ ಸುದ್ದಿ ಕೈಯಿಂದ ಕೈಗೆ ಓಡಿತು.

ಸರಿಯಾಗಿ ಒಂದು ವರ್ಷ ಕಳೆದು 2017ರ ಡಿಸೆಂಬರ್ ಬಂದಾಗ ಅವರು ಆ ಕುರ್ಚಿಯನ್ನು ಡಾರ್ಸಿ ಪಾಲ್ ಎಂಬವರಿಗೆ ಬಿಟ್ಟುಕೊಟ್ಟರು. ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಸವಿತಾ ಅವರು ಚುನಾವಣೆಯಲ್ಲಿ ಸೋತಿರಲಿಲ್ಲ, ರಾಜೀನಾಮೆಯನ್ನೂ ಕೊಟ್ಟಿರಲಿಲ್ಲ. ಅವರ ಸರದಿ ಮುಗಿದಿತ್ತು, ಅಷ್ಟೇ.

ಈ ಸರದಿಯ ವ್ಯವಹಾರ ನನಗೆ ಬಹಳ ಕುತೂಹಲ ಹುಟ್ಟಿಸಿದ ವಿಷಯ. ಬೇ ಏರಿಯಾದಲ್ಲಿ ಎಲ್ಲ ಮೇಯರುಗಳೂ ಒಂದೇ ತರಹದವರಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಯರ್ ನಿಜವಾಗಿಯೂ ಆಡಳಿತ ನಡೆಸುವವರು, ಜನ ನೇರವಾಗಿ ಮತ ಹಾಕಿ ಆರಿಸುವವರು. ಆದರೆ ಕುಪರ್ಟಿನೊ, ಪಾಲೊ ಆಲ್ಟೊ, ಮೌಂಟನ್ ವ್ಯೂ, ಸಾರಾಟೋಗ ಮುಂತಾದ ಊರುಗಳಲ್ಲಿ ಜನ ಆರಿಸುವುದು ಕೌನ್ಸಿಲ್ ಸದಸ್ಯರನ್ನು ಮಾತ್ರ. ಆ ಸದಸ್ಯರು ತಮ್ಮೊಳಗೆ ಒಬ್ಬರನ್ನು ಮೇಯರ್ ಮಾಡುತ್ತಾರೆ. ಕುಪರ್ಟಿನೊದಲ್ಲಿ ಇರುವುದೇ ಐದು ಜನ ಸದಸ್ಯರು, ಅಲ್ಲಿ ಈ ಆಯ್ಕೆ ಪ್ರತಿ ಡಿಸೆಂಬರಿನಲ್ಲಿ. ಪಾಲೊ ಆಲ್ಟೊದಲ್ಲಿ ಹೊಸ ವರ್ಷದ ಮೊದಲ ಸಭೆಯಲ್ಲಿ.

ಹಸ್ತಾಂತರದ ದಿನ ದೊಡ್ಡ ಆಡಂಬರ ಇರುವುದಿಲ್ಲ. ಹಳೆಯ ಮೇಯರ್ ಸಭೆ ಶುರು ಮಾಡುತ್ತಾರೆ, ಹೆಸರು ಸೂಚನೆಯಾಗುತ್ತದೆ, ಮತ ಬೀಳುತ್ತದೆ, ಪ್ರಮಾಣವಚನ ನಡೆಯುತ್ತದೆ. ಸಭೆ ನಡೆಸುವ ಮರದ ಪುಟ್ಟ ಸುತ್ತಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ. ಹಳಬರಿಗೊಂದು ನೆನಪಿನ ಕಾಣಿಕೆ, ಮನೆಯವರೊಂದಿಗೆ ಫೋಟೊ, ನಾಲ್ಕು ಮಾತು, ಆಮೇಲೆ ಸ್ವಲ್ಪ ತಿಂಡಿ. ನಮ್ಮ ಸಂಘಗಳ ಪದಗ್ರಹಣ ಸಮಾರಂಭ ನೋಡಿದವರಿಗೆ ಇದೆಲ್ಲ ಗುರುತು ಹತ್ತುವಂಥದ್ದೇ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಶಾಲು, ಹಾರ, ಫಲಪುಷ್ಪ ಇಲ್ಲ, ಸ್ವಾಗತ ಭಾಷಣ ಮುಕ್ಕಾಲು ಗಂಟೆ ಎಳೆಯುವುದಿಲ್ಲ.

ಇನ್ನು ಅಧಿಕಾರದ ಮಾತು. ಕುಪರ್ಟಿನೊ ಮೇಯರ್ ಕೈಯಲ್ಲಿ ಏನಿದೆ ಎಂದು ಕೇಳುವುದಕ್ಕಿಂತ ಏನಿಲ್ಲ ಎಂದು ಕೇಳುವುದು ಸುಲಭ. ಪೊಲೀಸರು ಅವರ ಕೈಯಲ್ಲಿಲ್ಲ, ಆ ಕೆಲಸವನ್ನು ಗುತ್ತಿಗೆಯ ಮೇಲೆ ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಇಲಾಖೆ ಮಾಡುತ್ತದೆ. ಅಗ್ನಿಶಾಮಕ ದಳ ಕೌಂಟಿಯದ್ದು. ಶಾಲೆಗಳಿಗೆ ಬೇರೆಯೇ ಚುನಾಯಿತ ಮಂಡಳಿ ಇದೆ. ನೀರು ಕೊಡುವುದು ಕಂಪನಿಗಳು. ಉಳಿದ ನಗರಾಡಳಿತವನ್ನು ನಡೆಸುವವರು ಕೌನ್ಸಿಲ್ ಸಂಬಳ ಕೊಟ್ಟು ನೇಮಿಸಿದ ಸಿಟಿ ಮ್ಯಾನೇಜರ್. ಒಬ್ಬ ಗುಮಾಸ್ತನನ್ನು ವರ್ಗ ಮಾಡಿಸಲೂ ಮೇಯರಿಗೆ ಬರುವುದಿಲ್ಲ. ಸಭೆಯ ಅಧ್ಯಕ್ಷತೆ, ಕೆಲವು ಕಾಗದಗಳಿಗೆ ಸಹಿ, ರಿಬ್ಬನ್ ಕತ್ತರಿಸುವುದು, ಹಬ್ಬ ಹರಿದಿನಗಳಿಗೆ ಘೋಷಣಾಪತ್ರ ಓದುವುದು, ಇಷ್ಟು ಅವರ ಪಾಲು. ಮತದಾನಕ್ಕೆ ಬಂದರೆ ಐದರಲ್ಲಿ ಒಂದೇ ಮತ.

ಇದು ಹೀಗೇಕೆ ಎಂದರೆ ಅದಕ್ಕೊಂದು ಹಿನ್ನೆಲೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಅನೇಕ ನಗರಗಳಲ್ಲಿ ಮೇಯರ್ ಎಂದರೆ ಪಕ್ಷದ ಮುಖಂಡ. ನೌಕರಿ ಹಂಚುವವನೂ ಗುತ್ತಿಗೆ ಹಂಚುವವನೂ ಅವನೇ. ಇದಕ್ಕೆ ಬೇಸತ್ತ ಜನ, ಊರಿನ ಆಡಳಿತವನ್ನು ಕಂಪನಿಯಂತೆ ನಡೆಸೋಣ, ಮಂಡಳಿ ನೀತಿ ನಿರ್ಧರಿಸಲಿ, ನುರಿತ ಮ್ಯಾನೇಜರ್ ಕೆಲಸ ಮಾಡಲಿ ಎಂದರು. ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ 1913ರಲ್ಲಿ ಭಾರೀ ನೆರೆ ಬಂತು. ಮರುವರ್ಷ ಆ ಊರು ಈ ಪದ್ಧತಿಗೆ ಬದಲಾಯಿತು. ಹಾಗೆ ಬದಲಾದ ದೊಡ್ಡ ನಗರಗಳಲ್ಲಿ ಅದೇ ಮೊದಲನೆಯದು. ಕುಪರ್ಟಿನೊ ನಗರವಾದದ್ದು ಬಹಳ ತಡವಾಗಿ, 1955ರಲ್ಲಿ. ಆಗ ಅದು ಏಪ್ರಿಕಾಟ್, ಪ್ರೂನ್ ತೋಟಗಳ ಊರು. ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಣ್ಣ ಊರುಗಳಲ್ಲಿ ಇದೇ ರೂಢಿಯಾಗಿಬಿಟ್ಟಿತ್ತು.

ವರ್ಷದ ಮೇಯರ್ ಎಂಬುದರ ತಮಾಷೆ ಗೊತ್ತಾಗಬೇಕಾದರೆ ಆಪಲ್ ಕಟ್ಟಡದ ಕಥೆ ಕೇಳಬೇಕು. 2011ರ ಜೂನ್ 7ರಂದು ಸ್ಟೀವ್ ಜಾಬ್ಸ್ ಸ್ವತಃ ಕೌನ್ಸಿಲ್ ಸಭೆಗೆ ಬಂದು ತಮ್ಮ ದುಂಡನೆಯ ಹೊಸ ಕಚೇರಿಯ ನಕ್ಷೆ ತೋರಿಸಿದರು. ಆಗ ಸಣಕಲಾಗಿದ್ದರು, ನಾಲ್ಕೇ ತಿಂಗಳಲ್ಲಿ ತೀರಿಕೊಂಡರು. ಸದಸ್ಯೆಯೊಬ್ಬರು ಊರಿಗೆ ಪುಕ್ಕಟೆ ವೈಫೈ ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ತೆರಿಗೆ ಕಟ್ಟುತ್ತೇವಲ್ಲ, ಅದೆಲ್ಲ ನಗರದ ಕೆಲಸ ಎಂಬರ್ಥದ ಉತ್ತರ ಕೊಟ್ಟರಂತೆ. ಆ ದಿನ ಮೇಯರ್ ಕುರ್ಚಿಯಲ್ಲಿದ್ದವರು ಗಿಲ್ಬರ್ಟ್ ವಾಂಗ್. 2013ರ ಅಕ್ಟೋಬರಿನಲ್ಲಿ ಕೌನ್ಸಿಲ್ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಆ ಕುರ್ಚಿಯಲ್ಲಿ ಆರಿನ್ ಮಹೋನಿ. 2017ರಲ್ಲಿ ಆಪಲ್ ಪಾರ್ಕ್ ಬಾಗಿಲು ತೆರೆದಾಗ ಸವಿತಾ ವೈದ್ಯನಾಥನ್. ಹಾಗಿದ್ದರೆ ಅದು ಯಾರ ಕಾಲದ ಸಾಧನೆ? ನಮ್ಮಲ್ಲಾದರೆ ಮೂವರ ಹೆಸರಿನ ಮೂರು ಶಿಲಾಫಲಕ ಎದ್ದುನಿಲ್ಲುತ್ತಿದ್ದವು!

ನಮ್ಮೂರಿನ ಮೇಯರುಗಳೂ ವಾಸ್ತವದಲ್ಲಿ ಇದೇ ಜಾತಿಯವರು ಎಂಬುದನ್ನು ನಾವು ಮರೆಯುತ್ತೇವೆ. 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆಯಂತೆ ಮಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಲ್ಲಿ ಮೇಯರನ್ನು ಆರಿಸುವವರು ಪಾಲಿಕೆ ಸದಸ್ಯರು, ಅವಧಿ ಒಂದೇ ವರ್ಷ, ಆಡಳಿತ ನಡೆಸುವವರು ಕಮಿಷನರ್. ವ್ಯತ್ಯಾಸವಿರುವುದು ದಾರಿಯಲ್ಲಿ. ನಮ್ಮಲ್ಲಿ ಯಾವ ವರ್ಷ ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿಯನ್ನು ರಾಜ್ಯ ಸರ್ಕಾರ ಹೊರಡಿಸುತ್ತದೆ. ಹಿಂದುಳಿದವರಿಗೆ, ದಲಿತರಿಗೆ, ಮಹಿಳೆಯರಿಗೆ ಈ ಕುರ್ಚಿ ಖಾತರಿಯಾಗಿ ಸಿಗುವಂತೆ ಮಾಡಿದ್ದು ಅದೇ ಪಟ್ಟಿ, ಅದು ಸಣ್ಣ ವಿಷಯವಲ್ಲ. ಆದರೆ ಪಟ್ಟಿಯ ಮೇಲೆ ಯಾರಾದರೂ ಕೋರ್ಟಿಗೆ ಹೋದರೆ ಗೆದ್ದ ಸದಸ್ಯರು ತಿಂಗಳುಗಟ್ಟಲೆ ಕಾಯಬೇಕು. ಬೆಂಗಳೂರಿನ ಕಥೆ ಇನ್ನೂ ದೊಡ್ಡದು. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಕೊನೆಯ ಮೇಯರ್ ಗೌತಮ್ ಕುಮಾರ್ ಕೆಳಗಿಳಿದಾಗ ಕುರ್ಚಿ ತೆಗೆದುಕೊಳ್ಳುವವರೇ ಇರಲಿಲ್ಲ, ಆಡಳಿತಾಧಿಕಾರಿ ಬಂದರು. ಐದು ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಒಡೆದು ಐದಾದಾಗಲೂ ಚುನಾಯಿತ ಮೇಯರ್ ಇರಲಿಲ್ಲ. ಕೋಟಿ ಜನರ ಊರಲ್ಲಿ ಹಸ್ತಾಂತರವೇ ನಡೆಯದೆ ನಿಂತುಹೋದರೆ, ಅರವತ್ತು ಸಾವಿರ ಜನರ ಊರಲ್ಲಿ ಪ್ರತಿ ಡಿಸೆಂಬರ್ ಅದು ನಡೆಯುತ್ತದೆ ಎನ್ನುವುದನ್ನು ಸಣ್ಣದೆಂದು ಹೇಗೆ ಹೇಳಲಿ?

ಹಾಗೆಂದು ಅಲ್ಲಿ ಎಲ್ಲವೂ ಹಾಲುಜೇನಿನಂತೆ ಎಂದು ತಿಳಿಯಬೇಡಿ. ಉಡುಪಿ ಕಡೆಯವರಿಗೆ ಪರ್ಯಾಯ ಗೊತ್ತು. ಎಂಟು ಮಠಗಳು, ಎರಡೆರಡು ವರ್ಷ, ಯಾರ ನಂತರ ಯಾರು ಎಂಬುದು ಶತಮಾನಗಳಿಂದ ನಿಗದಿ. ಜನವರಿ 18ರ ಬೆಳಗಿನ ಜಾವ ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ ಒಬ್ಬ ಯತಿಗಳಿಂದ ಇನ್ನೊಬ್ಬರಿಗೆ ಹೋಗುತ್ತದೆ. ಸರದಿಯಲ್ಲಿ ಮುಂದಿನವರು ಯಾರೆಂದು ರಥಬೀದಿಯ ಹೂ ಮಾರುವವನಿಗೂ ಗೊತ್ತು. ಕುಪರ್ಟಿನೊದ ಸರದಿಗೆ ಅಂಥ ಬಿಗಿ ಇಲ್ಲ. ಕಾನೂನು ಹೇಳುವುದು ಕೌನ್ಸಿಲ್ ತನ್ನೊಳಗಿಂದ ಒಬ್ಬರನ್ನು ಮೇಯರಾಗಿ ಆರಿಸಬೇಕು ಎಂದಷ್ಟೇ. ಈ ವರ್ಷದ ಉಪಮೇಯರ್ ಮುಂದಿನ ವರ್ಷದ ಮೇಯರ್ ಎಂಬುದು ಜನರ ನಿರೀಕ್ಷೆ. ಮೂರು ಮತ ಒಟ್ಟಾದರೆ ಆ ನಿರೀಕ್ಷೆ ಮುರಿಯುತ್ತದೆ.

ಮುರಿದದ್ದೂ ಇದೆ. 2022ರಲ್ಲಿ ಅಲ್ಲಿನ ಉಪಮೇಯರ್ ಲಿಯಾಂಗ್ ಚಾವ್. ನವೆಂಬರಿನಲ್ಲಿ ಚುನಾವಣೆ ನಡೆದು ಕೌನ್ಸಿಲಿನ ಬಲಾಬಲ ಬದಲಾಯಿತು. ಡಿಸೆಂಬರಿನಲ್ಲಿ ಮೇಯರ್ ಆದವರು ಹಂಗ್ ವೇ, ಉಪಮೇಯರ್ ಆದವರು ಆಗಷ್ಟೇ ಗೆದ್ದುಬಂದ ಶೀಲಾ ಮೋಹನ್. ಚಾವ್ ಅವರನ್ನು ದಾಟಿ ಸರದಿ ಮುಂದೆ ಹೋಯಿತು. ಮರುವರ್ಷ ಶೀಲಾ ಮೋಹನ್ ಮೇಯರ್ ಆದರು, ಜೆ. ಆರ್. ಫ್ರುಯೆನ್ ಉಪಮೇಯರ್. 2024ರ ನವೆಂಬರಿನಲ್ಲಿ ಮತ್ತೆ ಚುನಾವಣೆ, ಮತ್ತೆ ಬಲಾಬಲ ಬದಲು. ಈ ಸಲ ದಾಟಿಹೋದದ್ದು ಫ್ರುಯೆನ್ ಅವರನ್ನು. ಮೇಯರ್ ಆದವರು ಯಾರು ಬಲ್ಲಿರಾ? ಎರಡು ವರ್ಷ ಹಿಂದೆ ಕೈತಪ್ಪಿಸಿಕೊಂಡಿದ್ದ ಅದೇ ಲಿಯಾಂಗ್ ಚಾವ್.

ಕಿತ್ತಾಟದ ಮೂಲ ಕುರ್ಚಿಯಲ್ಲಿರಲಿಲ್ಲ, ಮನೆಗಳಲ್ಲಿತ್ತು. ಊರಲ್ಲಿ ಎಷ್ಟು ಮನೆ ಕಟ್ಟಬೇಕು, ಹಳೆಯ ವ್ಯಾಲ್ಕೊ ಮಾಲ್ ಜಾಗದಲ್ಲಿ ಎಷ್ಟು ಎತ್ತರದ ಕಟ್ಟಡ ಏಳಬೇಕು ಎಂಬುದರ ಮೇಲೆ ಊರೇ ಎರಡಾಗಿತ್ತು. ಸಾಮಾನ್ಯ ನೌಕರನೊಬ್ಬ ಬಾಡಿಗೆಯನ್ನೂ ಕಟ್ಟಲಾಗದ ಊರದು, ಹಾಗಾಗಿ ಜಗಳ ಹುಡುಗಾಟದ್ದಲ್ಲ. ಅಧಿಕಾರವಿಲ್ಲದ ಕುರ್ಚಿಗೂ ಅದಕ್ಕೇ ಬೆಲೆ ಬಂದದ್ದು. ಸಭೆಯಲ್ಲಿ ಯಾರಿಗೆ ಎಷ್ಟು ಮಾತಾಡಲು ಬಿಡಬೇಕು ಎನ್ನುವುದು ಅಲ್ಲಿ ಕುಳಿತವರ ಕೈಯಲ್ಲಿ, ಊರಿನ ಹೆಸರಲ್ಲಿ ಪತ್ರಿಕೆಯವರೊಂದಿಗೆ ಮಾತಾಡುವವರೂ ಅವರೇ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಸಲ ರೂಢಿ ಮುರಿದದ್ದು ಸರಿಯಾಗಲಿಲ್ಲ. ಬಹುಮತ ಇದ್ದವರಿಗೆ ನೀತಿ ಬದಲಿಸಲು ಮತವಿದೆ, ಕುರ್ಚಿಯ ಸರದಿಯನ್ನಾದರೂ ಅದರಿಂದ ಹೊರಗಿಡಬಹುದಿತ್ತು. ಆದರೆ ಒಂದು ಮಾತು ಒಪ್ಪಬೇಕು. ಸರದಿ ತಪ್ಪಿದ ಚಾವ್ ಕೌನ್ಸಿಲ್ ಬಿಟ್ಟು ಎದ್ದುಹೋಗಲಿಲ್ಲ, ಬೇರೆ ಕೌನ್ಸಿಲ್ ಕಟ್ಟಲಿಲ್ಲ. ಸಾಮಾನ್ಯ ಸದಸ್ಯೆಯಾಗಿ ಎರಡು ವರ್ಷ ಕೂತರು. ನಮ್ಮ ಕೊಲ್ಲಿ ನಾಡಿನಲ್ಲಿ ಒಂದೇ ಊರಿಗೆ ಮೂರು ಸಂಘಗಳು ಹುಟ್ಟಿದ ಕಥೆ ಗೊತ್ತಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಸನ್ನಿವೇಲ್ ಊರಿನವರು ಈ ಆಟವೇ ಬೇಡ ಎಂದರು. 2020ರ ಮಾರ್ಚಿನಲ್ಲಿ ಜನ ಮತ ಹಾಕಿ ಪದ್ಧತಿ ಬದಲಿಸಿದರು, ಅದೇ ನವೆಂಬರಿನಲ್ಲಿ ಲ್ಯಾರಿ ಕ್ಲೈನ್ ಅವರನ್ನು ನಾಲ್ಕು ವರ್ಷಕ್ಕೆ ನೇರವಾಗಿ ಮೇಯರಾಗಿ ಆರಿಸಿದರು. ಆದರೂ ಅಲ್ಲಿ ಕೆಲಸ ನಡೆಸುವವರು ಮ್ಯಾನೇಜರೇ.

ಇಂಥ ಉತ್ಸವಮೂರ್ತಿ ಹುದ್ದೆಯಿಂದ ಏನು ಸಾಧ್ಯ ಎನ್ನುವವರಿಗೆ ಕನ್ನಡಿಗರದ್ದೇ ಉದಾಹರಣೆ ಇದೆ, ಅದು ಅಮೆರಿಕದ್ದಲ್ಲ, ಲಂಡನ್ನಿನದ್ದು. ಕಲಬುರಗಿ ಜಿಲ್ಲೆಯ ಕಮಲಾಪುರದ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅದೂ ಒಂದು ವರ್ಷದ, ಕೊರಳಿಗೆ ಸರ ಹಾಕಿಕೊಳ್ಳುವ ಹುದ್ದೆಯೇ. ಕುರ್ಚಿ ಬಿಟ್ಟ ಮೇಲೂ ಅವರು ಬಸವಣ್ಣನವರ ಪ್ರತಿಮೆಯ ಕೆಲಸ ಬಿಡಲಿಲ್ಲ. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಮೇಯರಗಿರಿ ಇದ್ದದ್ದು ಒಂದು ವರ್ಷ, ಬಸವಣ್ಣ ಇವತ್ತಿಗೂ ಅಲ್ಲಿದ್ದಾರೆ.

ಇದೆಲ್ಲ ನಮಗೇಕೆ ಎಂದು ಡ್ಯೂಟಿ ಮುಗಿಸಿ ಬಂದು ಈ ಸಂಚಿಕೆ ತೆರೆದವರು ಕೇಳಬಹುದು. ನಮಗೆ ಇಲ್ಲಿ ಮತ ಇಲ್ಲ, ಬಲದಿಯಾಕ್ಕೂ ನಮಗೂ ಇರುವ ನಂಟು ಪರ್ಮಿಟ್ಟು, ದಂಡ, ಕಸದ ಡಬ್ಬಿ, ಇಷ್ಟೇ. ಊರಿಗೆ ಹೋದರೆ ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಗೊತ್ತಿಲ್ಲ. ಬೇ ಏರಿಯಾದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವ ಕನ್ನಡಿಗರ ಪಾಡೂ ಮತದ ಮಟ್ಟಿಗೆ ನಮ್ಮದೇ. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವವರಿಗೆ ಕೌನ್ಸಿಲ್ ಚುನಾವಣೆಯಲ್ಲಿ ಮತವೂ ಇಲ್ಲ, ನಿಲ್ಲುವ ಹಕ್ಕೂ ಇಲ್ಲ. ಕುಪರ್ಟಿನೊದಲ್ಲಿ ಮೂರರಲ್ಲಿ ಎರಡು ಪಾಲು ಜನ ಏಷ್ಯಾ ಮೂಲದವರು, ಅವರಲ್ಲಿ ಮತ ಇಲ್ಲದವರು ಸಾಕಷ್ಟು.

ಆದರೆ ಅವರಿಗೆ ಒಂದು ಬಾಗಿಲು ತೆರೆದಿದೆ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಕಾಯ್ದೆ ಎಂಬುದೊಂದಿದೆ. ಸ್ಥಳೀಯ ಸಂಸ್ಥೆಯ ಮಾಮೂಲು ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು. ಬಹುಮತದಷ್ಟು ಸದಸ್ಯರು ಒಳಗೊಳಗೇ ಸೇರಿ ತೀರ್ಮಾನ ಮಾಡಿಕೊಂಡು ಬರುವಂತಿಲ್ಲ. ಗುಪ್ತ ಮತದಾನ ಇಲ್ಲ, ಮೇಯರ್ ಆಯ್ಕೆಗೂ ಯಾರು ಯಾರಿಗೆ ಮತ ಹಾಕಿದರು ಎಂಬುದು ಬಹಿರಂಗ. ಮತಕ್ಕೆ ಮುಂಚೆ ಸದಸ್ಯರನ್ನು ಬಸ್ಸು ತುಂಬಿಸಿ ರೆಸಾರ್ಟಿಗೆ ಕರೆದೊಯ್ಯುವ ನಮ್ಮ ಪದ್ಧತಿ ಅಲ್ಲಿ ಕಾನೂನಿನ ಬಾಯಿಗೆ ಬೀಳುತ್ತದೆ. ಮುಖ್ಯವಾಗಿ, ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಲೇಬೇಕು, ಮಾತಾಡುವವರು ನಾಗರಿಕರೇ ಆಗಿರಬೇಕೆಂಬ ನಿಯಮ ಇಲ್ಲ. ಸಭೆಗೆ ಬಂದವರು ಹೆಸರು ಬರೆಸುವುದೂ ಕಡ್ಡಾಯವಲ್ಲ.

ನಿನ್ನೆ ಬಂದಿಳಿದ ಎಂಜಿನಿಯರನೇ ಇರಲಿ, ಮಗಳ ಬಾಣಂತನಕ್ಕೆ ಊರಿಂದ ಬಂದ ಅಜ್ಜಿಯೇ ಇರಲಿ, ಮೈಕಿನ ಮುಂದೆ ನಿಂತು ಆ ರಸ್ತೆಯಲ್ಲಿ ಮಕ್ಕಳಿಗೆ ದಾಟಲು ಪಟ್ಟೆ ಬೇಕು ಎನ್ನಬಹುದು. ಸಾಮಾನ್ಯವಾಗಿ ಸಿಗುವುದು ಮೂರು ನಿಮಿಷ. ಅಷ್ಟು ಹೊತ್ತು ಐದೂ ಸದಸ್ಯರು ಎದುರಿಗೆ ಕೂತಿರುತ್ತಾರೆ. ಸಮಯ ಮುಗಿದಾಗ ಧನ್ಯವಾದ ಹೇಳಿ ಮುಂದಿನವರನ್ನು ಕರೆಯುವುದು ಆ ವರ್ಷದ ಮೇಯರ್ ಯಾರಿದ್ದಾರೋ ಅವರ ಕೆಲಸ.