ದೊಡ್ಡ ಭಾಂಡವನ್ನು ಕಟ್ಟುವ ವಿದ್ಯೆ

ಘಟವೆಂದರೆ ನಮ್ಮ ಶಾಸ್ತ್ರಕಾರರಿಗೆ ಬಹು ಪ್ರಿಯವಾದ ವಸ್ತು. ಮೃತ್ತಿಕೆಯು ಉಪಾದಾನಕಾರಣ, ಕುಲಾಲನು ನಿಮಿತ್ತಕಾರಣ, ದಂಡಚಕ್ರಾದಿಗಳು ಸಹಕಾರಿಗಳು ಎಂದು ತರ್ಕದ ಮೊದಲ ಪಾಠಗಳಲ್ಲಿಯೇ ವಿದ್ಯಾರ್ಥಿಯು ಬಾಯಿಪಾಠ ಮಾಡುತ್ತಾನೆ. ಆದರೆ ಆ ಘಟವು ಎದೆಯೆತ್ತರದ ಭಾಂಡವಾದ ಪಕ್ಷದಲ್ಲಿ ಕುಲಾಲನು ಅದನ್ನು ಯಾವ ಕ್ರಮದಿಂದ ಎತ್ತುತ್ತಾನೆಂದು ಯಾರೂ ಕೇಳುವುದಿಲ್ಲ. ಬಹುಕಾಲ ಈ ಪಾಠವನ್ನು ಹೇಳಿದ ನನ್ನನ್ನೂ ಒಬ್ಬ ಹುಡುಗನಾದರೂ ಕೇಳಲಿಲ್ಲ. ಪ್ರಶ್ನೆಯು ಮಾತ್ರ ವಿಚಾರಕ್ಕೆ ಯೋಗ್ಯವಾದುದು. ಗೃಹಸ್ಥರಿಗೆ ಉಪಯುಕ್ತವೂ ಹೌದು.

ಸಣ್ಣ ಗಡಿಗೆಯ ವಿಷಯವು ಸರ್ವವಿದಿತ. ತಿಗರಿಯ ನಡುವೆ ಮಣ್ಣಿನ ಮುದ್ದೆಯನ್ನಿಟ್ಟು ವೇಗವಾಗಿ ತಿರುಗಿಸಿದರೆ, ಕುಂಬಾರನ ಎರಡು ಕೈಗಳ ನಡುವೆ ಅದು ತಾನಾಗಿಯೇ ಎದ್ದುಬರುವಂತೆ ಕಾಣುತ್ತದೆ. ದೊಡ್ಡ ಭಾಂಡಕ್ಕೆ ಈ ಉಪಾಯವು ಸಲ್ಲದು. ಅಷ್ಟು ಭಾರದ ಮುದ್ದೆಯನ್ನು ಒಬ್ಬನು ಚಕ್ರದ ಮಧ್ಯಕ್ಕೆ ಸರಿಯಾಗಿ ಕೂರಿಸುವುದು ದುಸ್ಸಾಧ್ಯ. ಆಳವಾದ ಭಾಂಡದ ತಳಕ್ಕೆ ಕೈ ಮುಟ್ಟದು. ಹಸಿಯಾದ ಕೆಳಗೋಡೆಯು ಮೇಲ್ಗೋಡೆಯ ಭಾರವನ್ನು ತಾಳಲಾರದೆ ಕುಸಿಯುತ್ತದೆ. ಆದುದರಿಂದ ಮಣ್ಣನ್ನು ಹಗ್ಗದಂತೆ ಉದ್ದವಾಗಿ ಹೊಸೆದು, ಸಿಂಬಿ ಸುತ್ತಿದಂತೆ ಒಂದರ ಮೇಲೊಂದು ಸುತ್ತನ್ನಿಟ್ಟು, ಚಕ್ರದ ಮೇಲೆಯೇ ಗೋಡೆಯನ್ನು ಕಟ್ಟುವ ಪದ್ಧತಿಯು ಅನೇಕ ದೇಶಗಳಲ್ಲಿ ಹುಟ್ಟಿತು.

ಹಂತಹಂತವಾಗಿ ಕಟ್ಟುವ ಈ ಕ್ರಮವು ನಮ್ಮ ವೈದಿಕ ಗ್ರಂಥಗಳಿಗೂ ಅಪರಿಚಿತವಲ್ಲ. ಅಗ್ನಿಚಯನದಲ್ಲಿ ಬೇಕಾಗುವ ‘ಉಖಾ’ ಎಂಬ ಮಣ್ಣಿನ ಪಾತ್ರೆಯನ್ನು ಮಾಡುವ ವಿಧಿಯು ಶತಪಥಬ್ರಾಹ್ಮಣದ ಆರನೆಯ ಕಾಂಡದಲ್ಲಿದೆ. ಮೊದಲು ತಳವನ್ನು ಹರಡಿ, ಅದರ ಮೇಲೆ ಒಂದು ಸುತ್ತು ಗೋಡೆಯನ್ನು, ಮತ್ತೆ ಅದರ ಮೇಲೆ ಇನ್ನೊಂದು ಸುತ್ತನ್ನು ಏರಿಸಬೇಕು. ಮಣ್ಣಿಗೆ ಆಡಿನ ಕೂದಲನ್ನೂ ಸಣ್ಣ ಕಲ್ಲುಹರಳನ್ನೂ ಬೆರೆಸಬೇಕು ಎಂದು ಅಲ್ಲಿ ಹೇಳಿದೆ. ಬರಿಯ ಜಿಗುಟು ಮಣ್ಣು ಒಣಗುವಾಗ ಹೆಚ್ಚು ಕುಗ್ಗಿ ಸೀಳುತ್ತದೆ. ಹರಳು ಮರಳು ಸೇರಿದರೆ ಕುಗ್ಗುವುದು ಕಡಿಮೆಯಾಗಿ, ಒಳಗಿನ ನೀರು ಹೊರಬೀಳಲು ದಾರಿಯಾಗುತ್ತದೆ. ದೊಡ್ಡ ಪಾತ್ರೆಗಳ ಕುಂಬಾರರು ಇಂದಿಗೂ ಮಣ್ಣಿಗೆ ಮರಳನ್ನು ಬೆರೆಸುವುದು ಈ ಕಾರಣದಿಂದಲೇ.

ಆದರೆ ಸುರುಳಿಯ ಕಟ್ಟಡವನ್ನೂ ತಿಗರಿಯನ್ನೂ ಕೂಡಿಸಿ ಪರಿಪಕ್ವಕ್ಕೆ ತಂದವರಲ್ಲಿ ಕೊರಿಯ ದೇಶದವರು ಅಗ್ರಗಣ್ಯರು. ಅವರ ಈ ಭಾಂಡಗಳಿಗೆ ‘ಒಂಗಿ’ ಎಂದು ಹೆಸರು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿಗೆ ಯಾವ ಸ್ಥಾನವೋ ಅಲ್ಲಿ ಒಂಗಿಗೆ ಅದಕ್ಕಿಂತ ದೊಡ್ಡ ಸ್ಥಾನ. ಉಪ್ಪು ಮೆಣಸಿನಕಾಯಿ ಬೆರೆಸಿ ಹುಳಿಯಿಸಿದ ಕೋಸಿನ ‘ಕಿಮ್ಚಿ’, ಸೋಯಾ ಕಾಳಿನ ಹಿಟ್ಟು ಮತ್ತು ರಸ, ಇವೆಲ್ಲ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ, ಅದರಲ್ಲಿಯೇ ಪಕ್ವವಾಗತಕ್ಕವು. ಹಿತ್ತಿಲಲ್ಲಿ ಬಿಸಿಲು ಬೀಳುವ ಒಂದು ಕಟ್ಟೆಯ ಮೇಲೆ ಭಾಂಡಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಚಳಿಗಾಲದಲ್ಲಿ ಕಿಮ್ಚಿಯ ಭಾಂಡವನ್ನು ಹೆಪ್ಪುಗಟ್ಟದಂತೆ ನೆಲದಲ್ಲಿ ಹೂಳುತ್ತಿದ್ದರು. ಉತ್ತರದ ಸೀಮೆಯ ಒಂಗಿಗೆ ಬಾಯಿ ಅಗಲ, ಮೈ ನೀಳ. ಬಿಸಿಲು ಹೆಚ್ಚಾದ ದಕ್ಷಿಣದಲ್ಲಿ ಹೊಟ್ಟೆ ಉಬ್ಬಿ ಬಾಯಿ ಕಿರಿದು.

ಈಗ ಕಲಿಯುವವನ ಮಾತಿಗೆ ಬರೋಣ. ಅವನು ಮೊದಲು ಕಲಿಯಬೇಕಾದುದು ಚಕ್ರವನ್ನಲ್ಲ, ಮಣ್ಣನ್ನು. ಕಲ್ಲು ಬೇರುಗಳನ್ನು ತೆಗೆದು, ತುಳಿದು ಬಡಿದು, ಗಾಳಿಯ ಗುಳ್ಳೆ ಉಳಿಯದಂತೆ ಹದ ಮಾಡಬೇಕು. ಅಕ್ಷರಾಭ್ಯಾಸಕ್ಕೆ ಮೊದಲು ಮಗುವಿನ ಕೈ ಮರಳಿನಲ್ಲಿ ಪಳಗಿದಂತೆ ಇದು. ಆಮೇಲೆ ಸುರುಳಿಯನ್ನು ಹೊಸೆಯುವ ಅಭ್ಯಾಸ. ಮುಂಗೈಯಷ್ಟು ದಪ್ಪದ ಸುರುಳಿಯು ತುದಿಯಿಂದ ತುದಿಗೆ ಒಂದೇ ಸಮನಾಗಿರಬೇಕು; ಒಂದೆಡೆ ತೆಳುವಾದರೆ ಅಲ್ಲಿಯೇ ಗೋಡೆಯು ಸೀಳುವುದು.

ತಿಗರಿಯು ಮರದ್ದು, ಕೆಳಗಿನ ಗಾಲಿಯನ್ನು ಕಾಲಿನಿಂದ ತಳ್ಳಿ ತಿರುಗಿಸತಕ್ಕದ್ದು. ಅದರ ಮೇಲೆ ಅಂಟದಂತೆ ಒಣಪುಡಿಯನ್ನು ಉದುರಿಸಿ, ಮಣ್ಣನ್ನು ಬಡಿದು ತಳವನ್ನು ಮಾಡಿ, ಅಂಚನ್ನು ದುಂಡಗೆ ಕತ್ತರಿಸುತ್ತಾರೆ. ಅನಂತರ ಉದ್ದನೆಯ ಸುರುಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಅದನ್ನು ತಳದ ಅಂಚಿಗೆ ಹಿಸುಕಿ ಹಿಸುಕಿ ಕೂಡಿಸುತ್ತಾರೆ. ಒಂದೆರಡು ಸುತ್ತುಗಳಾದ ಮೇಲೆ ಬಡಿಯುವ ಕೆಲಸ. ಒಳಗೆ ಎಡಗೈಯಲ್ಲಿ ಮರದ ಆನಿಕೆ, ಹೊರಗೆ ಬಲಗೈಯಲ್ಲಿ ತಟ್ಟುವ ಹಲಗೆ. ನಮ್ಮ ಕುಂಬಾರರು ಕಲ್ಲಿನ ಗುಂಡನ್ನು ಒಳಗೆ ಹಿಡಿದು ಹೊರಗಿನಿಂದ ತಟ್ಟುವುದನ್ನು ಕಂಡವರಿಗೆ ಇದು ಹೊಸದಾಗಿ ತೋರಲಾರದು. ಈ ಬಡಿತದಿಂದ ಸುತ್ತುಗಳ ನಡುವಣ ಸಂಧಿಯು ಮಾಯವಾಗಿ, ಮಣ್ಣು ಗಟ್ಟಿಯಾಗಿ, ಗೋಡೆಯು ತೆಳುವಾಗುತ್ತ ಮೇಲಕ್ಕೇರುತ್ತದೆ. ಎರಡು ಕೈಗಳೂ ಒಂದೇ ಬಿಂದುವಿನಲ್ಲಿ ಸಂಧಿಸಬೇಕೆಂಬುದೇ ಇಲ್ಲಿನ ರಹಸ್ಯ. ಒಳಗಿನ ಕೈ ಕಣ್ಣಿಗೆ ಕಾಣದು. ಶಬ್ದದಿಂದಲೂ ಸ್ಪರ್ಶದಿಂದಲೂ ಅದರ ಸ್ಥಾನವನ್ನು ತಿಳಿಯಬೇಕು. ಕೊನೆಗೆ ಚಕ್ರವನ್ನು ವೇಗವಾಗಿ ತಿರುಗಿಸಿ, ಮರದ ಚೂರಿನಿಂದ ಒಳಹೊರಗನ್ನು ಹೆರೆದು, ಒದ್ದೆಬಟ್ಟೆಯಿಂದ ಬಾಯಿಯನ್ನು ತಿದ್ದುತ್ತಾರೆ.

ಇಷ್ಟೆಲ್ಲ ಬಂದರೂ ವಿದ್ಯೆ ಪೂರ್ಣವಾಗಲಿಲ್ಲ; ಕಾಲಜ್ಞಾನವು ಬೇರೆ ಬೇಕು. ಕೆಳಗಿನ ಗೋಡೆ ತೀರ ಹಸಿಯಾಗಿರುವಾಗ ಮೇಲಿನ ಸುತ್ತನ್ನಿಟ್ಟರೆ ಭಾಂಡವು ಕುಸಿಯುತ್ತದೆ. ತೀರ ಒಣಗಿದ ಮೇಲೆ ಇಟ್ಟರೆ ಸಂಧಿ ಬೆಸೆಯದೆ ಆವಿಗೆಯಲ್ಲಿ ಬಾಯಿಬಿಡುತ್ತದೆ. ಈ ಎರಡರ ನಡುವಣ ಹದವನ್ನು ಗುರುವು ಮಾತಿನಲ್ಲಿ ಹೇಳಲಾರನು. ಶಿಷ್ಯನು ಬೆರಳಿನಲ್ಲಿಯೇ ಅರಿಯಬೇಕು. ಬಹು ಎತ್ತರದ ಭಾಂಡವಾದರೆ ಕೆಂಡದ ಪಾತ್ರೆಯೊಂದನ್ನು ಅದರೊಳಗೆ ಇಳಿಬಿಟ್ಟು ಕೆಳಗೋಡೆಯನ್ನು ಬಿಗಿಯಾಗಿಸುವರು. ಮುಗಿದ ಭಾಂಡವನ್ನು ಇಬ್ಬರು ಬಟ್ಟೆಯ ಪಟ್ಟಿಯಲ್ಲಿ ಎತ್ತಿ ನೆರಳಿಗೆ ಒಯ್ಯುವರು. ಒಣಗಿದ ಮೇಲೆ ಬೂದಿಯನ್ನೂ ಕಬ್ಬಿಣದ ಅಂಶವುಳ್ಳ ಮಣ್ಣನ್ನೂ ಕದಡಿದ ಲೇಪ. ಲೇಪವು ಹಸಿಯಾಗಿರುವಾಗಲೇ ಬೆರಳಿನಿಂದ ಎಳೆದ ಒಂದೆರಡು ಹುಲ್ಲೆಸಳಿನ ಗೀಟುಗಳು. ಆಮೇಲೆ ಇಳಿಜಾರಿನಲ್ಲಿ ಕಟ್ಟಿದ ನೀಳವಾದ ಆವಿಗೆಯಲ್ಲಿ, ಮೊದಲು ಮಂದಾಗ್ನಿಯಿಂದಲೂ ಕಡೆಗೆ ೧೨೦೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಗ್ರಾಗ್ನಿಯಿಂದಲೂ ಸುಡುವರು.

ಹೀಗೆ ಸುಟ್ಟ ಭಾಂಡವು ‘ಉಸಿರಾಡುತ್ತದೆ’ ಎಂದು ಕೊರಿಯದ ಗೃಹಿಣಿಯರ ನಂಬಿಕೆ. ೨೦೨೩ರಲ್ಲಿ ಅಮೆರಿಕದ ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಉಪ್ಪುಹಾಕಿದ ಕೋಸನ್ನು ಒಂಗಿಯಲ್ಲಿಯೂ ಗಾಜಿನ ಜಾಡಿಯಲ್ಲಿಯೂ ಇಟ್ಟು ನೋಡಲು, ಹುಳಿಯುವಾಗ ಹುಟ್ಟುವ ಅಂಗಾರಾಮ್ಲ ವಾಯುವು ಒಂಗಿಯ ಸೂಕ್ಷ್ಮರಂಧ್ರಗಳಿಂದ ಹೊರಬಿದ್ದು, ಒಳಗೆ ಉಳಿದುದು ಗಾಜಿನಲ್ಲಿದ್ದುದರ ಅರ್ಧಕ್ಕಿಂತ ಕಡಿಮೆಯಾಗಿದ್ದಿತು. ಹುಳಿಯಿಸುವ ಜೀವಾಣುಗಳು ಇದರಿಂದ ಚೆನ್ನಾಗಿ ಬೆಳೆಯುತ್ತವೆ. ಅಜ್ಜಿಯರ ಮಾತು ನಿಜವಾಯಿತು.

ಈ ಕಸುಬಿಗೆ ಒಂದು ಕರುಣಾಜನಕವಾದ ಚರಿತ್ರೆಯೂ ಉಂಟು. ೧೯ನೆಯ ಶತಮಾನದಲ್ಲಿ ಕೊರಿಯದ ರಾಜಶಾಸನವು ಕ್ರೈಸ್ತರನ್ನು ಹಿಂಸಿಸಲು ಅನೇಕರು ಬೆಟ್ಟದ ಕಣಿವೆಗಳಿಗೆ ಓಡಿಹೋಗಿ ಒಂಗಿಯ ಕುಂಬಾರರಾದರು. ಕುಂಬಾರರು ಕೀಳೆಂದು ಎಣಿಸಲ್ಪಡುತ್ತಿದ್ದುದರಿಂದ ಅವರನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಭಾಂಡವನ್ನು ಹೊತ್ತು ಮಾರುತ್ತ ಊರೂರಿಗೆ ಸುದ್ದಿಯನ್ನೂ ಮುಟ್ಟಿಸಬಹುದಾಗಿದ್ದಿತು. ೧೯೬೯ರಲ್ಲಿ ಕೊರಿಯದ ಮೊದಲ ಕಾರ್ಡಿನಲ್ ಆದ ಕಿಮ್ ಸು ಹ್ವಾನ್ ಅವರು ತಮಗೆ ‘ಒಂಗಿ’ ಎಂಬ ಉಪನಾಮವನ್ನೇ ಇಟ್ಟುಕೊಂಡಿದ್ದರು.

ಪ್ರಾಣವನ್ನುಳಿಸಿದ ಈ ವಿದ್ಯೆಗೆ ಕಂಟಕವಾದುದು ದುರಾಶೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೆಲವರು ಬೂದಿಯ ಲೇಪವನ್ನು ಬಿಟ್ಟು ಸೀಸದ ಲೇಪವನ್ನು ಹಿಡಿದರು. ಅದಕ್ಕೆ ಕಡಿಮೆ ಬೆಂಕಿ ಸಾಕು, ಸೌದೆ ಉಳಿಯುತ್ತದೆ, ಹೊಳಪೂ ಹೆಚ್ಚು. ಆದರೆ ಹುಳಿಯೂ ಉಪ್ಪೂ ಕೂಡಿದ ಆಹಾರಕ್ಕೆ ಆ ಸೀಸವು ಇಳಿಯುವುದೆಂಬುದು ಬಯಲಾಗಲು, ತಪ್ಪು ಮಾಡಿದವರ ಜೊತೆಗೆ ಮಾಡದವರ ಭಾಂಡಗಳನ್ನೂ ಜನರು ದೂರವಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆಯಲ್ಲಿ ದೊಣ್ಣೆಯು ಹೊರಗಿನವನದು. ಇಲ್ಲಿ ಅದು ಕಸುಬಿನವರ ಕೈಯಲ್ಲಿಯೇ ಇದ್ದಿತು. ಪ್ಲಾಸ್ಟಿಕ್ಕೂ ಶೀತಪೆಟ್ಟಿಗೆಯೂ ಬಂದು ಉಳಿದುದನ್ನು ಪೂರೈಸಿದವು. ೧೯೯೦ರಲ್ಲಿ ದಕ್ಷಿಣ ಕೊರಿಯದ ಸರಕಾರವು ಒಂಗಿಯ ಕುಶಲಕಲೆಯನ್ನು ರಾಷ್ಟ್ರದ ಅಮೂರ್ತ ಸಂಪತ್ತುಗಳಲ್ಲಿ ಸೇರಿಸಿ, ಅದನ್ನು ಶಿಷ್ಯರಿಗೆ ಕಲಿಸುವ ಏರ್ಪಾಡು ಮಾಡಿತು. ಉಲ್ಸಾನ್ ನಗರದ ಬಳಿಯ ಒಂಗಿಗಳ ಹಳ್ಳಿಯಲ್ಲಿ ಹಲವು ಬಾರಿ ಸೋತು ಎರಡು ಮೀಟರಿಗೂ ಮಿಗಿಲಾದ ಭಾಂಡವೊಂದನ್ನು ನಿಲ್ಲಿಸಿದರು. ಪಳಗಿದ ಕೈಗಳಿಗೂ ಮಣ್ಣು ಸುಲಭವಾಗಿ ವಶವಾಗುವುದಿಲ್ಲ.

ಗೃಹಸ್ಥರು ಇದರಿಂದ ಗ್ರಹಿಸಬೇಕಾದುದು ಎರಡು. ಉಪ್ಪಿನಕಾಯಿಗೋ ಹುಳಿ ಪದಾರ್ಥಕ್ಕೋ ಮೆರುಗುಳ್ಳ ಮಣ್ಣಿನ ಪಾತ್ರೆಯನ್ನು ಕೊಳ್ಳುವಾಗ, ಅದು ಆಹಾರಕ್ಕಾಗಿಯೇ ಮಾಡಿದ, ಸೀಸವಿಲ್ಲದ ಲೇಪದ್ದೆಂದು ವಿಚಾರಿಸಿ ಕೊಳ್ಳಬೇಕು; ಅಲಂಕಾರದ ಪಾತ್ರೆಯನ್ನು ಅಡಿಗೆಮನೆಗೆ ತರಬಾರದು. ಎರಡನೆಯದಾಗಿ, ದೊಡ್ಡ ಗುಡಾಣದ ಬೆಲೆಯನ್ನು ಕುಂಬಾರನು ಹೇಳಿದಾಗ ಗಡಿಗೆಯ ಲೆಕ್ಕದಿಂದ ಚೌಕಾಸಿ ಮಾಡಬಾರದು. ಗಡಿಗೆಯು ಒಂದು ಗಳಿಗೆಯ ಕೆಲಸ. ಗುಡಾಣದಲ್ಲಿ ಕಾದು ಕುಳಿತ ಹಗಲುಗಳೂ, ಆವಿಗೆಯಲ್ಲಿ ಒಡೆದುಹೋದ ಅದರ ಅಣ್ಣತಮ್ಮಂದಿರೂ ಸೇರಿರುತ್ತಾರೆ.